ಇಮೋಲಾದಲ್ಲಿ ಮುರಿದ ನಂಬಿಕೆ: ಜಿಲ್ ವಿಲ್ನೂವ್ ಅವರ ಕೊನೆಯ 13 ದಿನ

ಫಾರ್ಮುಲಾ ಒನ್ ರೇಸಿನಲ್ಲಿ ಒಂದು ತಂಡಕ್ಕೆ ಎರಡು ಕಾರು, ಇಬ್ಬರು ಚಾಲಕರು. ಬೇರೆ ತಂಡದವನ ಎದುರು ಸೋತರೆ ಕಾರು ಸರಿ ಇರ್ಲಿಲ್ಲ ಅಂತ ಹೇಳಬಹುದು. ಒಂದೇ ನಮೂನೆಯ ಕಾರು ಓಡಿಸುವ ಜೊತೆಗಾರನ ಎದುರು ಸೋತರೆ ಆ ನೆಪವೂ ಇಲ್ಲ. ಕೆನಡಾದ ಜಿಲ್ ವಿಲ್ನೂವ್ ಅವರ ಬದುಕು ಮುಗಿದದ್ದು ಇಂಥ ಪೈಪೋಟಿಯ ನಡುವೆಯೇ.

1950ರಲ್ಲಿ ಕ್ವಿಬೆಕ್ ಪ್ರಾಂತ್ಯದಲ್ಲಿ ಹುಟ್ಟಿದ ಜಿಲ್ ಮೊದಲು ಹೆಸರು ಮಾಡಿದ್ದು ಹಿಮದ ಮೇಲೆ ಓಡುವ ಸ್ನೋಮೊಬೈಲ್ ರೇಸಿನಲ್ಲಿ. 1977ರಲ್ಲಿ ಇಟಲಿಯ ಫೆರಾರಿ ತಂಡ ಸೇರಿದರು. 1979ರ ಮೊನ್ಝಾ ರೇಸಿನಲ್ಲಿ ಜೊತೆಗಾರ ಜೋಡಿ ಶೆಕ್ಟರ್ ಗೆದ್ದರೆ ಚಾಂಪಿಯನ್ ಪಟ್ಟ ಅವರದ್ದು. ಜಿಲ್ ಕೊನೆಯವರೆಗೂ ಅವರ ಬೆನ್ನಿಗೇ ಇದ್ದರು, ಮುಂದೆ ಹೋಗಲಿಲ್ಲ. ತಂಡದ ಮಾತು ಹಾಗಿತ್ತು, ಪಾಲಿಸಿದರು ಅಷ್ಟೇ. ವರ್ಷದ ಲೆಕ್ಕ ಮುಗಿದಾಗ ಶೆಕ್ಟರ್‌ಗೆ 51 ಅಂಕ, ಜಿಲ್‌ಗೆ 47.

1981ರಲ್ಲಿ ಫ್ರಾನ್ಸಿನ ಡಿಡಿಯೆ ಪಿರೋನಿ ಜೊತೆಗಾರರಾಗಿ ಬಂದರು. ಆ ವರ್ಷ ಜಿಲ್ ಎರಡು ರೇಸ್ ಗೆದ್ದರು, ಪಿರೋನಿಗೆ ಒಂದೂ ಸಿಗಲಿಲ್ಲ.

1982ರ ಏಪ್ರಿಲ್ 25, ಇಮೋಲಾ. ಹಲವು ತಂಡಗಳು ಬಹಿಷ್ಕರಿಸಿದ್ದರಿಂದ ಓಟಕ್ಕೆ ಇಳಿದದ್ದು 14 ಕಾರು ಮಾತ್ರ. ರೆನೋ ಕಾರುಗಳು ಕೆಟ್ಟು ನಿಂತ ಮೇಲೆ ಮುಂದೆ ಉಳಿದದ್ದು ಎರಡು ಫೆರಾರಿಗಳು: ಜಿಲ್ ಮೊದಲು, ಪಿರೋನಿ ಹಿಂದೆ. ನಿಧಾನವಾಗಿ ಓಡಿಸಿ ಎಂದು ತಂಡದವರು ಫಲಕ ತೋರಿಸಿದರು. ಇದ್ದ ಸ್ಥಾನದಲ್ಲೇ ಮುಗಿಸಬೇಕು ಎಂದು ಜಿಲ್ ತಿಳಿದುಕೊಂಡರು. ಪಿರೋನಿ ಹಾಗೆ ತಿಳಿಯಲಿಲ್ಲ. ಇಬ್ಬರೂ ಹಿಂದೆ ಮುಂದೆ ಆಗುತ್ತಾ ಸಾಗಿದರು. ಇದು ಜನರ ಖುಷಿಗೆ ಅಂತಲೇ ಜಿಲ್ ಎಣಿಸಿದ್ದರು. ಆದರೆ ಕೊನೆಯ ಸುತ್ತಿನಲ್ಲಿ ಟೋಸಾ ತಿರುವಿನ ಹತ್ತಿರ ಮುಂದೆ ಹೋದ ಪಿರೋನಿ ಮತ್ತೆ ಸಿಗಲಿಲ್ಲ. ಸ್ಥಾನ ಬದಲಿಸಬಾರದು ಎಂಬ ಆದೇಶವೇ ಇರಲಿಲ್ಲ ಎಂಬುದು ಪಿರೋನಿಯ ವಾದ. ಮೊನ್ಝಾದಲ್ಲಿ ಮಾತು ಉಳಿಸಿಕೊಂಡಿದ್ದ ಜಿಲ್‌ಗೆ ಇದು ದ್ರೋಹವಾಗಿಯೇ ಕಂಡಿತು. ಇನ್ನು ಅವರ ಜೊತೆ ಮಾತೇ ಇಲ್ಲ ಎಂದು ನಿರ್ಧರಿಸಿದರು.

ಮೇ 8ರಂದು ಬೆಲ್ಜಿಯಂನ ಝೋಲ್ಡರ್‌ನಲ್ಲಿ ಅರ್ಹತಾ ಸುತ್ತು. ಪಿರೋನಿಯ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಮುಂದಿತ್ತು. ಕೊನೆಯ ನಿಮಿಷಗಳಲ್ಲಿ ಜಿಲ್ ಮತ್ತೆ ವೇಗ ಹಿಡಿದರು. ಎದುರಿಗೆ ನಿಧಾನ ಹೋಗುತ್ತಿದ್ದ ಯೋಖೆನ್ ಮಾಸ್ ದಾರಿ ಬಿಡಲೆಂದು ಬಲಕ್ಕೆ ಸರಿದರು, ಜಿಲ್ ಕೂಡ ಬಲಕ್ಕೇ ತಿರುಗಿಸಿದರು. ಚಕ್ರಕ್ಕೆ ಚಕ್ರ ತಾಗಿ ಫೆರಾರಿ ಗಾಳಿಗೆ ಹಾರಿತು. ಆ ರಾತ್ರಿಯೇ ಆಸ್ಪತ್ರೆಯಲ್ಲಿ ಜಿಲ್ ತೀರಿಕೊಂಡರು. 32 ವರ್ಷ, ಆರು ಗೆಲುವು.

ಪಿರೋನಿಗೂ ಪಟ್ಟ ದಕ್ಕಲಿಲ್ಲ. ಅಂಕಪಟ್ಟಿಯಲ್ಲಿ ಮುಂದಿದ್ದಾಗಲೇ, ಆಗಸ್ಟಿನಲ್ಲಿ ಹಾಕೆನ್‌ಹೈಮ್‌ನ ಮಳೆಯಲ್ಲಿ ಅಪಘಾತವಾಗಿ ಎರಡೂ ಕಾಲು ನುಜ್ಜಾದವು. ಐದು ಅಂಕಗಳಿಂದ ಪಟ್ಟ ಕೇಕೆ ರೋಸ್‌ಬರ್ಗ್ ಪಾಲಾಯಿತು. 1987ರಲ್ಲಿ ದೋಣಿ ರೇಸಿನಲ್ಲಿ ಪಿರೋನಿಯೂ ಸತ್ತರು. ಅವರು ಹೋದ ಕೆಲವು ತಿಂಗಳಿಗೆ ಅವಳಿ ಗಂಡುಮಕ್ಕಳು ಹುಟ್ಟಿದರು. ತಾಯಿ ಒಬ್ಬನಿಗೆ ಡಿಡಿಯೆ ಎಂದು ಹೆಸರಿಟ್ಟರು, ಇನ್ನೊಬ್ಬನಿಗೆ ಜಿಲ್.