ನಮ್ಮ ಇಂಡಿ ತಾಲೂಕಿನ ಶ್ರೀರಂಗರು

ನಾಟಕ ಅಂದ ಕೂಡಲೆ ನಮ್ಮ ಕಡೆ ಮಂದಿಗೆ ಜಾತ್ರಿ, ಹಾರ್ಮೋನಿಯಂ, ಬಣ್ಣದ ಪರದೆ ನೆನಪಾಗತಾವ. ಅದನ್ನೆಲ್ಲ ಬದಿಗಿಟ್ಟು ಬರೇ ಮಾತಿನ ಮ್ಯಾಲೆ ನಾಟಕ ನಿಲ್ಲಿಸಿದವರು ಶ್ರೀರಂಗರು. ಅವರು ನಮ್ಮ ಇಂಡಿ ತಾಲೂಕಿನ ಅಗರಖೇಡದವರು ಎಂಬುದು ನಮ್ಮ ವರ್ಗದಾಗ ಬಹಳ ಮಂದಿಗೆ ಗೊತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶ್ರೀರಂಗರ ನಿಜವಾದ ಹೆಸರು ಆದ್ಯ ರಂಗಾಚಾರ್ಯ. 26 ಸೆಪ್ಟೆಂಬರ್ 1904ರಂದು ಜನಿಸಿದರು. ಪುಣೆಯಲ್ಲಿ, ಆಮೇಲೆ ಲಂಡನ್ನಿನಲ್ಲಿ ಕಲಿತು ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದರು.

ಈ ವರ್ಷ ನಮ್ಮ ಗುರುಗಳು ದೊಡ್ಡ ದೊಡ್ಡ ದುರಂತ ನಾಟಕಗಳ ಆರಂಭದ ಭಾಗ ಅಷ್ಟೇ ಓದಿ ಹೇಳಿದರು. ಗ್ರೀಕರ ಸೊಫೋಕ್ಲಿಸನ ಈಡಿಪಸ್ ನಾಟಕದಾಗ ಊರಿಗೆ ಬ್ಯಾನಿ ಬಂದೈತಿ, ಮಂದಿ ಅರಮನಿ ಮುಂದ ಕೂತಾರ. ಹಿಂದಿನ ರಾಜನ ಕೊಂದವನನ್ನು ಹುಡುಕತೀನಿ ಅಂತ ಅರಸ ಮಾತು ಕೊಡತಾನ. ಕೊಂದವ ತಾನೇ ಅನ್ನೋದು ಅವನಿಗೇ ಗೊತ್ತಿಲ್ಲ! ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಮೂವರು ಮಾಟಗಾತಿಯರಿಂದ ಶುರುವಾದರೆ, ನಮ್ಮ ಭಾಸನ ಊರುಭಂಗ ಕುರುಕ್ಷೇತ್ರದ ಹೆಣಗಳ ನಡುವೆ ನಿಂತ ಮೂವರು ಸೈನಿಕರಿಂದ ಶುರು. ಈ ಮೂರು-ಮೂರು ನನಗ ಭಾಳ ಸೇರಿತು.

ಸಂಸ್ಕೃತ ನಾಟಕ ಸುಖದಾಗ ಮುಗೀಬೇಕು, ರಂಗದ ಮ್ಯಾಲೆ ಸಾವು ತೋರಿಸಬಾರದು ಅನ್ನೋದು ಪದ್ಧತಿ. ಊರುಭಂಗದಾಗ ಮಾತ್ರ ದುರ್ಯೋಧನ ಎಲ್ಲರ ಕಣ್ಣ ಮುಂದೇ ಸಾಯತಾನ. ಭಾಸನ ನಾಟಕಗಳು ಅಚ್ಚಾಗತೊಡಗಿದ್ದು 1912ರಿಂದ, ಆಗ ಶ್ರೀರಂಗರು ಎಂಟು ವರ್ಷದ ಹುಡುಗ. ಮುಂದೆ ಭರತನ ನಾಟ್ಯಶಾಸ್ತ್ರವನ್ನೇ ಕನ್ನಡಕ್ಕೆ ತಂದ ಅವರಿಗೆ ಈ ಕಟ್ಟಳೆ ಗೊತ್ತಿಲ್ಲದ್ದೇನಲ್ಲ. ಆದರೂ ಅವರ ನಾಟಕ ನೋಡಿದವರು ಸಮಾಧಾನದಿಂದ ಮನಿಗೆ ಹೋಗುವಂತಿರಲಿಲ್ಲ. ಸ್ವಾತಂತ್ರ್ಯ ಬಂದ ಮ್ಯಾಲೆ ಕಂಡ ನಿರಾಶೆಯನ್ನು ಶೋಕಚಕ್ರದಲ್ಲಿ ಬರೆದರು. ಹೆಸರು ನೋಡ್ರಿ, ಅಶೋಕಚಕ್ರದ ಒಂದೇ ಅಕ್ಷರ ಕಿತ್ತಾರ, ಎಲ್ಲಾ ತಿಳೀತದ.

ಅದಕ್ಕೂ ಮೊದಲು, 1930ರ ದಶಕದಲ್ಲಿ, ಅಸ್ಪೃಶ್ಯತೆ ಕುರಿತು ಹರಿಜನ್ವಾರ ಬರೆದರು. ಆಚಾರ್ಯರ ಮನೆತನದಾಗ ಹುಟ್ಟಿದವರು ಆ ಕಾಲದಾಗ ಹಿಂಗ ಬರೆಯೋದು ಸಣ್ಣ ಮಾತಲ್ಲ. ನಮ್ಮೂರಾಗ ಇವತ್ತಿಗೂ ಕೆಲವರು ಕಟ್ಟಿ ಕೆಳಗ ನಿಂತು ಚಹಾ ಕುಡೀತಾರ. ಅವರೊಳಗ ನನ್ನ ಬೆಂಚಿನ ಗೆಳೆಯನ ಅಪ್ಪನೂ ಒಬ್ಬರು. ಈ ನಾಟಕದ ಬಗ್ಗೆ ಗುರುಗಳು ಹೇಳುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

1956ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಶ್ರೀರಂಗರೇ ಅಧ್ಯಕ್ಷರು. ಕಾಳಿದಾಸನನ್ನು ಕುರಿತ ಪುಸ್ತಕಕ್ಕೆ 1971ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಮರುವರ್ಷ ಪದ್ಮಭೂಷಣ ಬಂತು. ಕೇಳು ಜನಮೇಜಯ ನಾಟಕ ಹಿಂದಿಗೂ ಹೋಯಿತು. 1984ರ ಅಕ್ಟೋಬರ್ 17ರಂದು ತೀರಿಕೊಂಡರು.

ಬರುವ ಶನಿವಾರ ಬೆಳಗಿನ ಸಾಲಿ ಬಿಟ್ಟ ಮ್ಯಾಲೆ ಬೇವಿನ ಗಿಡದ ಕೆಳಗ ಶೋಕಚಕ್ರದ ಮೊದಲ ಅಂಕ ಓದತೀವಿ. ಪಾತ್ರ ಓದಬೇಕೆನ್ನುವವರು, ಹುಡುಗಿಯರೂ ಸೇರಿ, ನನ್ನ ಹತ್ರ ಹೆಸರು ಬರೆಸಿರಿ. ಪುಸ್ತಕ ಒಂದೇ ಐತಿ, ಸುತ್ತ ಕೂಡಬೇಕಾಗತದ.