ಪಂಡಿತಾ ರಮಾಬಾಯಿ: ತಂಗುವ ಮನೆಯನ್ನು ಕಲಿಯುವ ಮನೆ ಮಾಡಿದ ಶಿಕ್ಷಕಿ

ಕಳೆದ ಸೆಮಿಸ್ಟರ್‌ನ ಅಭ್ಯಾಸ ಬೋಧನೆಯ ಅವಧಿಯಲ್ಲಿ ನನಗೆ ಎರಡು ತರಗತಿಗಳಿದ್ದವು. ಬೆಳಿಗ್ಗೆ ಅಂಬಾಜಿದುರ್ಗದ ಬೆಟ್ಟ ಕಿಟಕಿಯಿಂದ ಕಾಣುವ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ವಿಜ್ಞಾನ. ವಾರಕ್ಕೊಂದು ಮಧ್ಯಾಹ್ನ, ಸಮುದಾಯ ಚಟುವಟಿಕೆಯ ಭಾಗವಾಗಿ, ಮಹಿಳೆಯರ ತಾತ್ಕಾಲಿಕ ವಸತಿ ಗೃಹವೊಂದರಲ್ಲಿ ಜೀವನ ಕೌಶಲ ಕಾರ್ಯಾಗಾರ. ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿರುವ ಹತ್ತು ಜೀವನ ಕೌಶಲಗಳ ಚಾರ್ಟ್ ಬರೆದುಕೊಂಡು ಹೋಗಿದ್ದೆ. ಮೊದಲ ದಿನದ ವಿಷಯ ನಿರ್ಧಾರ ಕೈಗೊಳ್ಳುವುದು.

ಪಾಠ ಮುಗಿಯುವ ಹೊತ್ತಿಗೆ ಒಬ್ಬ ಅಕ್ಕ ಎದ್ದು ನಿಂತರು. ಶಿಡ್ಲಘಟ್ಟದಲ್ಲಿ ವರ್ಷಗಟ್ಟಲೆ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವರು. ಇಲ್ಲಿಂದ ಹೊರಗೆ ಹೋದ ಮೇಲೆ ಬಾಡಿಗೆ ಮನೆಗೆ ಅಡ್ವಾನ್ಸ್ ಹೊಂದಿಸಲು ಈ ಹತ್ತರಲ್ಲಿ ಯಾವುದು ಬರುತ್ತದೆ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅಂದಿನ ಪಾಠಯೋಜನೆಯ ಕೊನೆಯಲ್ಲಿ ಉದ್ದೇಶ ಈಡೇರಿಲ್ಲ ಎಂದೇ ಬರೆದೆ. ಅದನ್ನು ಓದಿದ ಮಾರ್ಗದರ್ಶಕ ಉಪನ್ಯಾಸಕರು ಪಂಡಿತಾ ರಮಾಬಾಯಿಯವರ ಜೀವನ ಚರಿತ್ರೆ ಓದಲು ಹೇಳಿದರು. ಅವರನ್ನು ಸಮಾಜ ಸುಧಾರಕಿ ಎಂದಷ್ಟೇ ಪಠ್ಯದಲ್ಲಿ ಓದಿದ್ದೆ. ತರಬೇತಿ ಪಡೆದ ಶಿಕ್ಷಕಿ ಎಂಬುದು ಗೊತ್ತಿರಲಿಲ್ಲ.

ಮನೆಯಿಲ್ಲದ ಬಾಲ್ಯ

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರಿನ ಸಂಪ್ರದಾಯಸ್ಥರ ವಿರೋಧ ಕಟ್ಟಿಕೊಂಡು ಅವರು ಕಾಡಿನಲ್ಲಿ ಆಶ್ರಮ ಮಾಡಿಕೊಂಡಿದ್ದರು. ಮಗಳಿಗೆ ಇನ್ನೂ ವರ್ಷ ತುಂಬುವ ಮೊದಲೇ ಆ ನೆಲೆಯೂ ತಪ್ಪಿತು. ಅಲ್ಲಿಂದ ಮುಂದೆ ಕುಟುಂಬದ್ದು ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವ, ದೇವಸ್ಥಾನದ ಜಗುಲಿಯಲ್ಲಿ ಪುರಾಣ ಹೇಳಿ ಬದುಕುವ ಬಾಳು. ತಾಯಿ ಕಲಿಸಿದ ಸಂಸ್ಕೃತ, ದಾರಿಯಲ್ಲಿ ಕಿವಿಗೆ ಬಿದ್ದ ಭಾಷೆಗಳು, ಇವೇ ಅವರ ಶಾಲೆ. ಮರಾಠಿ ಮನೆಮಾತು, ಕನ್ನಡವೂ ಬರುತ್ತಿತ್ತು.

1874ರ ಬರಗಾಲದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು, ಸ್ವಲ್ಪ ಕಾಲದಲ್ಲೇ ಅಕ್ಕನೂ. ಹದಿನಾರರ ರಮಾ ಮತ್ತು ಅಣ್ಣ ಶ್ರೀನಿವಾಸ ಉಳಿದರು. ಇಬ್ಬರೂ ನಡೆಯುತ್ತಲೇ 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಅವರ ಸಂಸ್ಕೃತ ಪಾಂಡಿತ್ಯವನ್ನು ಪರೀಕ್ಷಿಸಿ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣ ತೀರಿಹೋದ. ಅದೇ ವರ್ಷ ಅವರು ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಎರಡು ವರ್ಷ ತುಂಬುವ ಮೊದಲೇ ಪತಿ ಕಾಲರಾದಿಂದ ತೀರಿಕೊಂಡರು. ಕೈಯಲ್ಲಿ ಮಗಳು ಮನೋರಮಾ, ವಯಸ್ಸು ಇಪ್ಪತ್ಮೂರು. ನನ್ನ ಸಹಪಾಠಿಗಳ ವಯಸ್ಸಿಗೆ ಅವರು ಇಷ್ಟೆಲ್ಲವನ್ನೂ ಕಳೆದುಕೊಂಡಿದ್ದರು.

ಶಿಕ್ಷಕಿಯಾಗುವ ತಯಾರಿ

1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ಹೇಳಿದರು. ಹೆಣ್ಣುಮಕ್ಕಳ ಶಾಲೆಗೆ ತರಬೇತಿ ಪಡೆದ ಶಿಕ್ಷಕಿಯರು ಬೇಕು, ಮಹಿಳಾ ಶಾಲಾ ತನಿಖಾಧಿಕಾರಿಗಳು ಬೇಕು, ಹೆಣ್ಣುಮಕ್ಕಳಿಗೆ ವೈದ್ಯ ಶಿಕ್ಷಣ ಸಿಗಬೇಕು ಎಂಬುದು ಅವರ ವಾದದ ತಿರುಳು. ಶಿಕ್ಷಣ ಇತಿಹಾಸದ ಪತ್ರಿಕೆಯಲ್ಲಿ ಹಂಟರ್ ಆಯೋಗದ ಶಿಫಾರಸುಗಳನ್ನು ನಾವು ಬಾಯಿಪಾಠ ಮಾಡುತ್ತೇವೆ. ಆ ಸಭೆಯಲ್ಲಿ ಹೀಗೊಬ್ಬ ಹೆಣ್ಣುಮಗಳು ನಿಂತಿದ್ದಳೆಂದು ಓದಿದಾಗ ಆ ಪುಟಕ್ಕೆ ಜೀವ ಬಂತು.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದರು. ಚೆಲ್ಟೆನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ, ತಾವು ಗಣಿತ ಮತ್ತು ವಿಜ್ಞಾನ ಕಲಿತರು. 1886ರಲ್ಲಿ ಆನಂದಿಬಾಯಿ ಜೋಶಿ ವೈದ್ಯ ಪದವಿ ಪಡೆಯುವ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದರು. ಫಿಲಡೆಲ್ಫಿಯಾದಲ್ಲಿ ಫ್ರೋಬೆಲ್‌ನ ಶಿಶುವಿಹಾರ ಪದ್ಧತಿಯ ತರಬೇತಿ ಪಡೆದರು. ವಿಧವೆಯರ ಶಾಲೆಗಾಗಿ ಊರೂರು ತಿರುಗಿ ಉಪನ್ಯಾಸ ಮಾಡಿದರು. 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅದೇ ವರ್ಷ ಬೋಸ್ಟನ್ನಿನಲ್ಲಿ ಹುಟ್ಟಿದ ರಮಾಬಾಯಿ ಸಂಘ ಹತ್ತು ವರ್ಷ ಖರ್ಚು ಭರಿಸಲು ಒಪ್ಪಿತು.

ಶಾರದಾ ಸದನ

1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ತೆರೆಯಿತು. ಮರು ವರ್ಷ ಅದು ಪುಣೆಗೆ ಸ್ಥಳಾಂತರವಾಯಿತು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಮನೆಯ ಮೂಲೆಯಲ್ಲಿ ಸಂಬಳವಿಲ್ಲದ ಆಳಿನಂತೆ ದುಡಿಯುತ್ತಿದ್ದ ಹುಡುಗಿಯರಿಗೆ ಅದು ವಸತಿಯೂ ಹೌದು, ಶಾಲೆಯೂ ಹೌದು. ಅನ್ನ, ಸೂರು ಕೊಟ್ಟು ಸುಮ್ಮನಾಗುವ ಅನಾಥಾಲಯ ಅದಾಗಿರಲಿಲ್ಲ. ಇಲ್ಲಿಂದ ಹೊರಟವಳು ತನ್ನ ಅನ್ನ ತಾನೇ ದುಡಿದುಕೊಳ್ಳಬೇಕು ಎಂಬುದು ಗುರಿ. ಅದಕ್ಕೇ ಓದು ಬರಹದ ಜೊತೆಗೆ ಶಿಶುವಿಹಾರ ಶಿಕ್ಷಣದಂಥ ಸಂಬಳ ತರುವ ಕಲಿಕೆಯೂ ಇತ್ತು. ಜಾತಿಯ ಕಟ್ಟುಪಾಡು ಪಾಲಿಸುವವರಿಗೆ ಅಡುಗೆ, ಊಟಕ್ಕೆ ಅಡ್ಡಿ ಬಾರದಂತೆ ಏರ್ಪಾಡು ಮಾಡಿದ್ದರು. ಕಲಿಯುವವಳು ಇರುವ ಸ್ಥಿತಿಯಿಂದಲೇ ಕಲಿಕೆ ಶುರುವಾಗಬೇಕೆಂದು ನಮಗೆ ಮನೋವಿಜ್ಞಾನದ ತರಗತಿಯಲ್ಲಿ ಹೇಳುತ್ತಾರೆ. ಅವರು ಅದನ್ನು ಅಡುಗೆಮನೆಯಿಂದಲೇ ಶುರು ಮಾಡಿದ್ದರು.

ಮೊದಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಒಬ್ಬರು. ಅಣ್ಣ ನರಹರಪಂತ ಅವರನ್ನು ಸದನಕ್ಕೆ ಸೇರಿಸಿದ. 1893ರಲ್ಲಿ ಅವರು ಅಣ್ಣನ ಗೆಳೆಯ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿಯಾದರು. ವಿಧವಾ ವಿವಾಹ ಮಾಡಿಕೊಂಡದ್ದಕ್ಕೆ ಊರಿನ ಬಹಿಷ್ಕಾರ ಎದುರಿಸಿದ ಕರ್ವೆಯವರು 1896ರಲ್ಲಿ ವಿಧವೆಯರ ಆಶ್ರಮವನ್ನು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಆರಂಭಿಸಿದರು. ಆಶ್ರಮಕ್ಕಾಗಿ ಆನಂದಿಬಾಯಿ ಮನೆಮನೆ ತಿರುಗಿ ಹಣ ಕೂಡಿಸಿದರು. ಒಂದು ತಾತ್ಕಾಲಿಕ ಮನೆಯಿಂದ ಹೊರಟ ಹುಡುಗಿ ಇನ್ನೊಂದು ಮನೆಗೆ ಆಸರೆಯಾದಳು.

ನಂಬಿಕೆ ಒಡೆದದ್ದು

ರಮಾಬಾಯಿಯವರ ಬಾಳಿನಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು 1893ರ ಘಟನೆ. ಸದನದಲ್ಲಿ ಧರ್ಮ ಬೋಧಿಸುವುದಿಲ್ಲ ಎಂಬುದು ಆರಂಭದ ಒಪ್ಪಂದ. ಅವರು ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು, ಕೆಲವು ಹುಡುಗಿಯರು ಬಂದು ಕೂರತೊಡಗಿದರು. ತಾನು ಯಾರನ್ನೂ ಕರೆದಿಲ್ಲ, ಬಂದವರನ್ನು ತಡೆಯುವುದೂ ಇಲ್ಲ ಎಂಬುದು ಅವರ ನಿಲುವು. ಬೆಂಬಲಕ್ಕೆ ನಿಂತಿದ್ದ ರಾನಡೆ, ಭಂಡಾರ್ಕರ್ ಮೊದಲಾದವರು ಸಲಹಾ ಸಮಿತಿಯಿಂದ ಹೊರಬಂದರು. ಎಷ್ಟೋ ಪೋಷಕರು ಮಕ್ಕಳನ್ನು ಕರೆದೊಯ್ದರು. ಆ ಹುಡುಗಿಯರ ಓದು ಅಲ್ಲಿಗೇ ನಿಂತಿತು.

ಇದರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಒಂದು ಮಾತು ನಮಗೆ ಸಂಬಂಧಿಸಿದ್ದು. ಶಾಲೆಯ ಮಗು ನಾಲ್ಕೂವರೆಗೆ ಮನೆಗೆ ಹೋಗುತ್ತದೆ. ವಸತಿ ಗೃಹದಲ್ಲಿರುವವರಿಗೆ ಹೋಗಲು ಬೇರೆ ಜಾಗವಿಲ್ಲ. ಹಾಗಾಗಿ ಅಲ್ಲಿ ಕಲಿಸುವವರ ನಂಬಿಕೆ, ಅಭಿರುಚಿ, ಮುಖಭಾವ ಕೂಡ ಹೆಚ್ಚು ತೂಗುತ್ತದೆ. ಕರೆಯದಿದ್ದರೂ ತೆರೆದ ಬಾಗಿಲು ಕರೆಯುತ್ತದೆ. ಜೀವನ ಕೌಶಲ ಎಂಬ ಹೆಸರಿನಲ್ಲಿ ನಮ್ಮ ಜೀವನದ ರೀತಿಯನ್ನೇ ಅವರ ಮೇಲೆ ಹೇರುತ್ತಿದ್ದೇವೆಯೇ ಎಂದು ಪ್ರತಿ ಪಾಠದ ಮೊದಲು ಕೇಳಿಕೊಳ್ಳಬೇಕು.

ಕೆಡಗಾಂವ್‌ನ ಮುಕ್ತಿ

1896–97ರ ಬರ ಅವರ ಕೆಲಸದ ದಾರಿ ಬದಲಿಸಿತು. ಹೆತ್ತವರನ್ನು ಬರದಲ್ಲಿ ಕಳೆದುಕೊಂಡ ರಮಾಬಾಯಿ ಮಧ್ಯ ಪ್ರಾಂತ್ಯಕ್ಕೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಹತ್ತಿರದ ಕೆಡಗಾಂವ್‌ನಲ್ಲಿ ಕೊಂಡಿದ್ದ ಜಮೀನಿನಲ್ಲಿ ಮುಕ್ತಿ ಸದನ ಬೆಳೆಯಿತು. 1900ರ ಹೊತ್ತಿಗೆ ಅಲ್ಲಿದ್ದವರು 1500ರಷ್ಟು. ಹಸಿವಿನಿಂದ ಬಂದ, ಅಕ್ಷರ ಕಾಣದ ಹುಡುಗಿಯರಿಗೆ ತರಗತಿಯ ಪಾಠವೊಂದೇ ಸಾಲದು. ಬೇಸಾಯ, ಹೈನು, ನೇಯ್ಗೆ, ಹೊಲಿಗೆ, ಎಣ್ಣೆ ಗಾಣ, ಬಟ್ಟೆ ಒಗೆಯುವುದು, ಅಚ್ಚು ಮೊಳೆ ಜೋಡಿಸುವುದು, ಹೀಗೆ ಪ್ರತಿಯೊಂದೂ ಕಲಿಕೆಯ ವಿಭಾಗವಾಯಿತು. ಮನೋರಮಾ ಅಂಧ ಮಹಿಳೆಯರಿಗೆ ಬ್ರೈಲ್ ಕಲಿಸಿದರು. ಗುಲ್ಬರ್ಗದಲ್ಲೂ, ಎಂದರೆ ಇಂದಿನ ಕಲಬುರಗಿಯಲ್ಲೂ, ತಾಯಿ ಮಗಳ ಶಿಕ್ಷಣದ ಕೆಲಸ ನಡೆಯಿತು. ರಮಾಬಾಯಿ ಕೊನೆಯ ವರ್ಷಗಳಲ್ಲಿ ಬೈಬಲನ್ನು ಮೂಲ ಭಾಷೆಗಳಿಂದ ಮರಾಠಿಗೆ ಅನುವಾದಿಸಿದರು. ಅದನ್ನು ಅಚ್ಚು ಹಾಕಿದವರು ಮುಕ್ತಿಯ ಹೆಣ್ಣುಮಕ್ಕಳೇ.

ಮುಕ್ತಿ ಮಾತ್ರ ಶಾರದಾ ಸದನದಂತೆ ಧರ್ಮದ ವಿಷಯದಲ್ಲಿ ತಟಸ್ಥವಾಗಿರಲಿಲ್ಲ. ಅದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. 1921ರಲ್ಲಿ ಮನೋರಮಾ ತೀರಿಕೊಂಡರು. ಮರು ವರ್ಷ ಏಪ್ರಿಲ್ 5ರಂದು ರಮಾಬಾಯಿ ಕಣ್ಣು ಮುಚ್ಚಿದರು.

ನನ್ನ ಪಾಠಯೋಜನೆಗೆ ಬಂದ ಬದಲಾವಣೆ

ಈ ಜೀವನ ಓದಿದ ಮೇಲೆ ನನ್ನ ಎರಡನೇ ಕಾರ್ಯಾಗಾರದ ಯೋಜನೆ ಬದಲಾಯಿತು. ಚಾರ್ಟ್ ಮನೆಯಲ್ಲೇ ಬಿಟ್ಟೆ. ನೂಲು ಬಿಚ್ಚುವ ಅಕ್ಕನನ್ನೇ ಮುಂದೆ ಕೂರಿಸಿ, ಆ ಕೆಲಸದಲ್ಲಿ ದಿನದ ಕೂಲಿ ಎಷ್ಟು, ತಿಂಗಳಿಗೆ ಎಷ್ಟು ದಿನ ಕೆಲಸ ಸಿಗುತ್ತದೆ ಎಂದು ಎಲ್ಲರಿಗೂ ವಿವರಿಸಲು ಕೇಳಿದೆವು. ಕಪ್ಪು ಹಲಗೆಯ ಮೇಲೆ ಬಾಡಿಗೆ, ಅಡ್ವಾನ್ಸ್, ಗ್ಯಾಸ್, ಅಕ್ಕಿ, ಮಗುವಿನ ಶಾಲೆ ಎಂದು ತಿಂಗಳ ಲೆಕ್ಕ ಹಾಕಿದೆವು. ಅಡ್ವಾನ್ಸ್ ಕೂಡಿಸಲು ಎಷ್ಟು ತಿಂಗಳು ಬೇಕೆಂದು ಅವರೇ ಭಾಗಿಸಿ ಹೇಳಿದರು. ಬ್ಯಾಂಕ್ ಖಾತೆಯ ಅರ್ಜಿ ತುಂಬುವುದು, ಆಧಾರ್‌ನಲ್ಲಿ ವಿಳಾಸ ಬದಲಿಸಲು ಬೇಕಾದ ದಾಖಲೆಗಳು, ಇವು ಮುಂದಿನ ವಾರದ ಪಾಠಗಳಾದವು. ನಿರ್ಧಾರ ಕೈಗೊಳ್ಳುವುದು, ಸಮಸ್ಯೆ ಬಿಡಿಸುವುದು, ಪರಿಣಾಮಕಾರಿ ಸಂವಹನ, ಎಲ್ಲವೂ ಅದರೊಳಗೇ ಇದ್ದವು. ಹೆಸರು ಹೇಳುವ ಅಗತ್ಯ ಬರಲಿಲ್ಲ. ಲೆಕ್ಕ ಹಾಕಿದ ಮಾತ್ರಕ್ಕೆ ಅಡ್ವಾನ್ಸ್ ಹಣ ಹುಟ್ಟುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಆದರೆ ಎಷ್ಟು ದೂರ ನಡೆಯಬೇಕೆಂದು ತಿಳಿಯಿತು.

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಉದ್ದೇಶ, ಚಟುವಟಿಕೆ, ಬೋಧನೋಪಕರಣ, ಮೌಲ್ಯಮಾಪನ ಎಂಬ ಕಲಮುಗಳಿವೆ. ವಸತಿ ಗೃಹಗಳಲ್ಲಿ ಕಾರ್ಯಾಗಾರ ನಡೆಸುವ ಪ್ರಶಿಕ್ಷಣಾರ್ಥಿಗಳು ಇನ್ನೊಂದು ಕಲಮು ಸೇರಿಸಿಕೊಳ್ಳುವುದು ಒಳ್ಳೆಯದು: ಇಲ್ಲಿಂದ ಹೊರಟ ಮೇಲೆ ಇದು ಯಾವ ಕೆಲಸಕ್ಕೆ ಬರುತ್ತದೆ? ಆ ಕಲಮು ಖಾಲಿ ಉಳಿದರೆ ಪಾಠವನ್ನು ಮತ್ತೊಮ್ಮೆ ಬರೆಯಬೇಕು. ನಾನು ಮೂರು ಪಾಠಗಳನ್ನು ಹಾಗೆ ಮತ್ತೆ ಬರೆದೆ.