ಊರನ್ನು ಗೆರೆಯಾಗಿಸಿದ ಹೆಬ್ಬಾರರು

ಯುರೋಪಿನ ನಿಸರ್ಗಚಿತ್ರದ ಚರಿತ್ರೆಯನ್ನು ಬರೆಯುವವರು ಹದಿನಾರನೇ ಶತಮಾನದ ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಆಲ್ಟ್‌ಡೋರ್ಫರನನ್ನು ತಪ್ಪದೆ ನೆನೆಯುತ್ತಾರೆ. ಮನುಷ್ಯರಿಲ್ಲದ ಕಾಡು, ಸೇತುವೆ, ಆಕಾಶಗಳನ್ನೇ ಚಿತ್ರದ ವಸ್ತುವಾಗಿಸಿದ ಮೊದಲಿಗರಲ್ಲಿ ಆತ ಒಬ್ಬ. ನಮ್ಮ ಕರಾವಳಿಯ ಕೆ.ಕೆ. ಹೆಬ್ಬಾರರನ್ನು ಅರಿಯಲು ಈ ಹೋಲಿಕೆ ಉಪಯುಕ್ತವೆಂದು ನನಗೆ ತೋರುತ್ತದೆ. ಏಕೆಂದರೆ ಹೆಬ್ಬಾರರು ನಡೆದದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಅವರ ಮುಖ್ಯ ಕೃತಿಗಳಲ್ಲಿ ನೆಲವೆಂದರೆ ಅದರ ಮೇಲೆ ದುಡಿಯುವ, ಕುಣಿಯುವ, ಹಸಿಯುವ ಜನವೂ ಹೌದು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಹಿರಿಯಡ್ಕಕ್ಕೆ ದೂರವಲ್ಲದ ಕಟ್ಟಿಂಗೇರಿಯಲ್ಲಿ. ಯಕ್ಷಗಾನದ ಚೆಂಡೆ, ಕೋಳಿಅಂಕದ ಗದ್ದಲ, ಮಳೆಗಾಲದ ಗದ್ದೆಗಳ ಸೀಮೆಯದು. ಬಡತನದ ನಡುವೆಯೇ ಚಿತ್ರದ ಹಂಬಲ ಅವರನ್ನು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಒಯ್ದಿತು. ಕಲಿತ ಶಾಲೆಯಲ್ಲೇ 1940ರಿಂದ ಕೆಲವು ವರ್ಷ ಅಧ್ಯಾಪಕರೂ ಆದರು.

ಅಲ್ಲಿ ಅವರಿಗೆ ದಕ್ಕಿದ್ದು ಕಂಡದ್ದನ್ನು ಕಂಡಂತೆ ಬರೆಯುವ ಪಾಶ್ಚಾತ್ಯ ಕೌಶಲ. ಅಷ್ಟಕ್ಕೇ ನಿಂತಿದ್ದರೂ ಹೆಸರು, ಸಂಪಾದನೆಗೆ ಕೊರತೆಯಾಗುತ್ತಿರಲಿಲ್ಲ. ಆದರೆ ಆ ಕೌಶಲದಲ್ಲಿ ತಮ್ಮ ಮಣ್ಣಿನ ಲಯವಿಲ್ಲವೆಂಬ ಅತೃಪ್ತಿ ಅವರನ್ನು ಕಾಡಿತು. ಜೈನ ಕಿರುಚಿತ್ರಗಳನ್ನೂ ಅಜಂತೆಯನ್ನೂ ಅಭ್ಯಸಿಸಿದರು. ಅಮೃತಾ ಶೇರ್‌ಗಿಲ್‌ರ ಕೃತಿಗಳಿಂದ ಪ್ರೇರಣೆ ಪಡೆದರು. ಕೇರಳದಲ್ಲಿ ಸಂಚರಿಸಿ ಅಲ್ಲಿನ ಜನಜೀವನವನ್ನು ದಟ್ಟ ವರ್ಣಗಳಲ್ಲಿ ಹಿಡಿದರು. 1949ರಲ್ಲಿ ಪ್ಯಾರಿಸಿನ ಅಕಾಡೆಮಿ ಜೂಲಿಯಾನ್‌ಗೂ ಹೋದರು. ಲಯವನ್ನು ದೇಹದಿಂದಲೇ ಅರಿಯಬೇಕೆಂದು ಸುಂದರ ಪ್ರಸಾದರಲ್ಲಿ ಕಥಕ್ ಕಲಿತರು. ಪ್ರತಿಷ್ಠಿತ ಚಿತ್ರಕಾರನೊಬ್ಬ ಗೆಜ್ಜೆ ಕಟ್ಟಿ ಮತ್ತೆ ವಿದ್ಯಾರ್ಥಿಯಾಗುವುದು ಸಾಮಾನ್ಯ ಸಂಗತಿಯಲ್ಲ.

ಆ ಶ್ರಮದ ಫಲ ಅವರ ರೇಖಾಚಿತ್ರಗಳು. ಕೈಯೆತ್ತದೆ ಎಳೆದಂತಿರುವ ಒಂದೆರಡು ಗೆರೆಗಳಲ್ಲಿ ನರ್ತಕಿಯ ತಿರುವು, ವಾದ್ಯಗಾರನ ತನ್ಮಯತೆ ಮೂಡಿಬಿಡುತ್ತವೆ. ವಿವರಗಳನ್ನು ತುಂಬುವುದನ್ನು ಕಲಿತಿದ್ದ ಕೈ, ಅವನ್ನು ಬಿಡುವುದನ್ನು ಕಲಿಯಲು ವರ್ಷಗಳನ್ನೇ ತೆಗೆದುಕೊಂಡಿತ್ತು.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದವು. ತಮ್ಮ ಹಲವು ಕೃತಿಗಳನ್ನು ಅವರು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಕೊಡುಗೆಯಾಗಿ ನೀಡಿದರು. 1996ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಪರವೂರಿನಲ್ಲಿ ಗೆದ್ದ ಊರಿನವನೆಂದು ಅಭಿಮಾನಪಡುವುದು ಸುಲಭ. ಹೆಬ್ಬಾರರ ಬದುಕು ಹೇಳುವುದು ಅದಕ್ಕಿಂತ ಕಠಿಣವಾದ ಮಾತನ್ನು. ಹುಟ್ಟೂರು ತಾನಾಗಿ ಕಲೆಯಾಗುವುದಿಲ್ಲ. ಕಲಿತದ್ದನ್ನು ಮುರಿದು ಕಟ್ಟಿದವನಿಗೆ ಮಾತ್ರ ಅದು ಒಲಿಯುತ್ತದೆ. ಮಾದರಿಯನ್ನು ನಕಲು ಮಾಡಿದ ಮಗುವಿಗೇ ಹೆಚ್ಚು ಅಂಕ ಕೊಡುವ ನಮ್ಮ ಶಾಲೆಗಳ ಚಿತ್ರಕಲಾ ತರಗತಿಗಳು ಈ ಮಾತಿಗೆ ಕಿವಿಗೊಡಬೇಕು. ಮಕ್ಕಳ ಮುಂದೆ ಹೆಬ್ಬಾರರ ಒಂದು ರೇಖಾಚಿತ್ರವನ್ನಿಟ್ಟು, ಅದನ್ನು ಮುಚ್ಚಿಟ್ಟ ಮೇಲೆ ತಮ್ಮ ಗದ್ದೆಯ ಬದುವನ್ನು ತಾವೇ ಬರೆಯಲು ಹೇಳಿದರೆ, ಅದೇ ಅವರಿಗೆ ಸಲ್ಲುವ ನಿಜವಾದ ಗೌರವ.